ಪ್ರಣಾಳಿಕೆಯಲ್ಲಿ ಉಳಿದ ಒಂದು ಸಾಲು

ಪಕ್ಷದ ಕಚೇರಿಯಲ್ಲಿ ನನ್ನ ಅಕ್ಕನನ್ನು 'ಪುರಾವೆ ಅಕ್ಕ' ಎಂದೇ ಕರೆಯುತ್ತಿದ್ದರು. ಯಾರು ಏನೇ ಹೇಳಲಿ, "ಪುರಾವೆ ಎಲ್ಲಿ?" ಎಂದು ಕೇಳುತ್ತಿದ್ದಳಲ್ಲ, ಅದಕ್ಕೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ದುಡಿದು, ನಿವೃತ್ತಳಾದ ಮೇಲೆ ಪಕ್ಷದ ಕೆಲಸಕ್ಕೆ ಸೇರಿದವಳು. ಮದುವೆಯಾಗಲಿಲ್ಲ, ನನ್ನ ಜೊತೆಗೇ ಇದ್ದಳು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಅವಳ ಕಾಗದದ ರಾಶಿ. ತಂಗಿ ಅಳತೆಯಿಲ್ಲದೆ ಕತ್ತರಿ ಹಾಕುವುದಿಲ್ಲ, ಅಕ್ಕ ಅಂಕಿಯಿಲ್ಲದೆ ಬಾಯಿ ಬಿಡುವುದಿಲ್ಲ ಎಂದು ಬಟ್ಟೆ ಕೊಡಲು ಬಂದವರು ನಗುತ್ತಿದ್ದರು.

ಚುನಾವಣೆಗೆ ಎಂಟು ತಿಂಗಳಿರುವಾಗ ಪಕ್ಷದ ಅಧ್ಯಕ್ಷರು ಪ್ರಣಾಳಿಕೆಯ ಆರೋಗ್ಯದ ಭಾಗವನ್ನು ಅವಳಿಗೆ ಒಪ್ಪಿಸಿದರು. ಪಟ್ಟಣದಲ್ಲಿ ಆರಂತಸ್ತಿನ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತೇವೆಂಬ ಸಾಲು ಆಗಲೇ ಅದರಲ್ಲಿತ್ತು.

"ಹೆರಿಗೆಗೆ ಹೊರಟೋರು ಎಲ್ಲಿ ಸಾಯ್ತಿದ್ದಾರೆ ಅಂತ ಮೊದ್ಲು ನೋಡೋಣ ಸರ್. ಆಮೇಲೆ ಕಟ್ಟೋ ಮಾತು" ಎಂದಳು ಅಕ್ಕ.

ನಮ್ಮ ಜಿಲ್ಲೆಯಲ್ಲಿ ಎರಡು ವರ್ಷದಲ್ಲಿ ಹೆರಿಗೆಯ ವೇಳೆ ಮೂವತ್ತೇಳು ಹೆಂಗಸರು ತೀರಿಕೊಂಡಿದ್ದರು. ಮೂರು ಕುಟುಂಬ ಊರು ಬಿಟ್ಟಿದ್ದವು. ಉಳಿದ ಮೂವತ್ತನಾಲ್ಕು ಮನೆಗೂ ಅವಳೇ ಹೋದಳು, ಬಸ್ಸು ಸಿಕ್ಕಷ್ಟು ದೂರ ಬಸ್ಸಿನಲ್ಲಿ, ಆಮೇಲೆ ನಡೆದು. ಸಂಜೆ ಊದಿದ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದಳು.

ಒಂದು ದಿನ ನನ್ನನ್ನೂ ಕರೆದೊಯ್ದಳು. ಅದು ಒಬ್ಬ ಪೋಸ್ಟ್‌ಮ್ಯಾನ್‌ನ ಮನೆ. ತಾಯಿಯಿಲ್ಲದ ಹಸುಗೂಸು ಅವನ ತೊಡೆಯ ಮೇಲೆ ಮಲಗಿತ್ತು.

"ನಾಲ್ಕು ಗಂಟೆಗೆ ಹೊರಟ್ವಿ ಅಕ್ಕಾ. ಆರೋಗ್ಯ ಕೇಂದ್ರಕ್ಕೆ ಬೀಗ. ನರ್ಸಮ್ಮ ರಜೆ ಅಂತೆ. ಗಾಡಿ ಸಿಗೋದ್ರೊಳಗೆ ಒಂದೂವರೆ ಗಂಟೆ ಆಯ್ತು. ದಾರೀಲೇ..." ಮಗುವಿನ ಹೊದಿಕೆ ಸರಿಪಡಿಸಿದ. ಆಮೇಲೆ ಕೇಳಿದ, "ಇದನ್ನ ಬರ್ಕೊಂಡು ಹೋದ್ರೆ ಏನಾದ್ರೂ ಆಗತ್ತಾ?"

"ಆಗತ್ತಪ್ಪಾ. ನಮ್ಮೋರು ಗೆದ್ರೆ ಖಂಡಿತ ಆಗತ್ತೆ."

ಅಕ್ಕನ ಬಾಯಲ್ಲಿ 'ಖಂಡಿತ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ದೊಡ್ಡ ಆಸ್ಪತ್ರೆ ತಲುಪಿದ ಮೇಲೆ ಸತ್ತವರು ಆರೇ ಜನ. ಉಳಿದ ಇಪ್ಪತ್ತೆಂಟು ಮಂದಿ ಪ್ರಾಣ ಬಿಟ್ಟದ್ದು ಮನೆಯಲ್ಲೋ, ಬೀಗದ ಬಾಗಿಲೆದುರೋ, ದಾರಿಯಲ್ಲೋ. ನರ್ಸ್ ಅಲ್ಲೇ ವಾಸವಿದ್ದ ಒಂದೇ ಒಂದು ಕೇಂದ್ರದಲ್ಲಿ ಐದು ವರ್ಷದಿಂದ ಒಂದು ಸಾವೂ ಆಗಿರಲಿಲ್ಲ. ಆರಂತಸ್ತು ಬೇಡ, ಪ್ರತಿ ಕೇಂದ್ರಕ್ಕೂ ಒಬ್ಬ ನರ್ಸ್‌ಗೆ ಮನೆ, ಒಂದು ಗಾಡಿ ಕೊಡಿ ಎಂದು ಅಕ್ಕ ಬರೆದಳು.

ಕಡತಗಳನ್ನು ಹೊತ್ತು ನಾನೂ ಸಭೆಗೆ ಹೋಗಿದ್ದೆ. ಓದುತ್ತಾ ಅಧ್ಯಕ್ಷರ ಕಣ್ಣು ಒದ್ದೆಯಾದದ್ದು ನಿಜ. ಕನ್ನಡಕ ಒರೆಸಿಕೊಂಡು ಹೇಳಿದರು:

"ಅಮ್ಮಾ, ನೀವು ಹೇಳೋದು ಸರಿ. ಆದ್ರೆ ಆಸ್ಪತ್ರೆ ಅಂದ್ರೆ ಚಪ್ಪಾಳೆ ಬೀಳತ್ತೆ. ನರ್ಸ್‌ಗೆ ಮನೆ ಅಂದ್ರೆ ಯಾರು ತಟ್ತಾರೆ?"

"ಚಪ್ಪಾಳೆಗೂ ಲೆಕ್ಕ ಇಟ್ಟಿದೀರಾ ಸರ್?"

"ಇಟ್ಟಿದೀವಿ. ಅದಕ್ಕೇ ಓಟು ಅನ್ನೋದು."

ಅಚ್ಚಾಗಿ ಬಂದ ಪ್ರಣಾಳಿಕೆಯಲ್ಲಿ ಅಕ್ಕನ ಅರವತ್ತು ಪುಟದಿಂದ ಉಳಿದದ್ದು ಒಂದು ಸಾಲು: 'ತಾಯಂದಿರ ಆರೋಗ್ಯಕ್ಕೆ ಆದ್ಯತೆ ನೀಡಲಾಗುವುದು.'

ಪಕ್ಷ ಗೆದ್ದಿತು. ಕಟ್ಟಡ ಏಳತೊಡಗಿತು. ವರ್ಷ ತುಂಬಿದಾಗ ಅಕ್ಕ ಯಾರೂ ಹೇಳದೆಯೇ ಮತ್ತೆ ಎಣಿಸಿದಳು. ಆ ಒಂದು ವರ್ಷದಲ್ಲೇ ಹತ್ತೊಂಬತ್ತು ಸಾವು. ಅಧ್ಯಕ್ಷರಿಗೆ ಕಳಿಸಿದಳು. ನಿಮ್ಮ ಕಾಳಜಿಗೆ ಧನ್ಯವಾದ ಎಂದು ಉತ್ತರ ಬಂತು.

ಮರುದಿನವೇ ಪೋಸ್ಟ್‌ಮ್ಯಾನ್‌ನ ಮನೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಹೊಸ್ತಿಲಲ್ಲೇ ನಿಂತು, "ಖಂಡಿತ ಆಗತ್ತೆ ಅಂತ ಹೇಳೋ ಹಕ್ಕು ನಂಗಿರ್ಲಿಲ್ಲಪ್ಪಾ. ತಪ್ಪಾಯ್ತು" ಎಂದಳು.

ಅವನು ಸಿಟ್ಟಾಗಲಿಲ್ಲ. "ನೀವು ಹೇಳಿ ಹೋದ್ಮೇಲೆ ಒಂದು ವಾರ ನಂಗೆ ನಿದ್ದೆ ಬಂದಿತ್ತು ಅಕ್ಕಾ" ಎಂದಷ್ಟೇ ಹೇಳಿ, ಅಳುತ್ತಿದ್ದ ಮಗಳನ್ನು ಎತ್ತಿಕೊಂಡು ಒಳಗೆ ಹೋದ.

ಮುಂದಿನ ಚುನಾವಣೆಗೆ ಪಕ್ಷದವರು ಮತ್ತೆ ನಮ್ಮ ಮನೆಗೆ ಬಂದರು. "ಕಾಗದ ಎಲ್ಲಾ ಇದಾವೆ, ತಗೊಂಡು ಹೋಗಿ. ಇನ್ನು ಯಾರ ಮನೆ ಬಾಗ್ಲಿಗೂ ನಾನು ಹೋಗಲಾರೆ" ಎಂದಳು ಅಕ್ಕ. ಕಾಗದ ಒಯ್ಯಲು ಯಾರನ್ನಾದರೂ ಕಳಿಸುತ್ತೇವೆ ಎಂದು ಹೋದರು. ಯಾರೂ ಬರಲಿಲ್ಲ.