ತುಂಬಿಯೇ ಮನೆಗೆ ಬರುತ್ತಿದ್ದ ಬಾಟಲ್

ಡಿಗ್ರಿ ಮುಗಿಸುವುದು ನಮ್ಮ ಮನೆಯವರ ಕೈಲಿ ಆಗುವ ಕೆಲಸವಲ್ಲ ಅಂದವರು ಮುನಿಶಾಮಿ ಮಾವ. ಅಮ್ಮನ ಅಣ್ಣ. ಕಾಮಸಮುದ್ರದ ಸುತ್ತಿನ ಟೊಮೆಟೊ ತೋಟಗಳಿಗೆ ಹೆಣ್ಣಾಳುಗಳನ್ನು ಕರೆದುಕೊಂಡು ಹೋಗುವ ಮೇಸ್ತ್ರಿ. ನಾನು ಬಿ.ಕಾಂ. ಸೇರಿದ ದಿನ ನಮ್ಮ ಜಗಲಿ ಮೇಲೆ ಕೂತು ಅಮ್ಮನಿಗೆ ಹೇಳಿದರು.

"ನೋಡ್ತಾ ಇರಮ್ಮೀ, ಎರಡ್ನೇ ವರ್ಸಕ್ಕೆಲ್ಲಾ ವಾಪಸ್ ಬತ್ತಾಳೆ. ಇವಳಿಗೊಂದು ಕಾಯಿ ಕೀಳೋ ಕುಕ್ಕೆ ಎತ್ತಿಟ್ಟಿರ್ತೀನಿ."

ಎರಡನೇ ವರ್ಷಕ್ಕೆ ವಾಪಸ್ ಬಂದೆ. ಕುಕ್ಕೆ ಹಿಡಿಯಲು ಅಲ್ಲ. ನಿಲ್ಲಲು ಆಗದೆ.

ಕಾಲೇಜಿದ್ದ ರಾಬರ್ಟ್‌ಸನ್‌ಪೇಟೆಯಿಂದ ಊರಿಗೆ ಬರುವ ಬಸ್ಸು. ಕಡು ಬೇಸಿಗೆ. ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು, ನನ್ನ ಹಲ್ಲು ಮಾತ್ರ ಚಳಿಗೆ ಕಟಕಟ ಅನ್ನುತ್ತಿತ್ತು. ಬೆನ್ನಿನ ಎಡಗಡೆ, ಪಕ್ಕೆಲುಬಿನ ಕೆಳಗೆ, ಯಾರೋ ಮೊಣಕೈ ಊರಿ ಕೂತ ಹಾಗೆ ನೋವು. ಅದಕ್ಕೂ ಮುಂಚೆ ಎಷ್ಟೋ ತಿಂಗಳಿಂದ ಉರಿಮೂತ್ರ ಬಂದು ಹೋಗಿ ಮಾಡುತ್ತಿತ್ತು. ಅಮ್ಮ ಉಷ್ಣ ಅಂತ ಹೊಕ್ಕುಳಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಎರಡು ದಿನಕ್ಕೆ ಕಡಿಮೆಯಾಗುತ್ತಿತ್ತು. ಹೋಯಿತು ಅಂದುಕೊಳ್ಳುತ್ತಿದ್ದೆವು.

ಅದು ಹೋಗುತ್ತಿರಲಿಲ್ಲ. ಮೇಲಕ್ಕೆ ಹತ್ತುತ್ತಿತ್ತು.

ಅಪ್ಪ ಬಂಗಾರಪೇಟೆಯಲ್ಲಿ ಮೂಟೆ ಹೊರುವ ಕೆಲಸದಲ್ಲಿದ್ದರು. ಸುದ್ದಿ ಕೇಳಿ ಅಲ್ಲಿಂದಲೇ ಆಟೊ ಕಳಿಸಿದರು. ಆಸ್ಪತ್ರೆ ಮುಟ್ಟುವಾಗ ನನಗೆ ಮಾತು ತೊದಲುತ್ತಿತ್ತಂತೆ. ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ರಕ್ತ ತೆಗೆದರು. ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟು ಮೂತ್ರ ಹಿಡಿದು ತಾ ಅಂದರು. ಜ್ವರ ಇಳಿದ ಮೇಲೆ ಡಾಕ್ಟರ್ ಮೇಡಂ ಮಂಚದ ಪಕ್ಕ ನಿಂತು ಕೇಳಿದರು.

"ಬೆಳಿಗ್ಗೆ ಎದ್ದು ಎಷ್ಟು ನೀರು ಕುಡೀತೀಯ?"

"ಕುಡಿಯಲ್ಲ ಮೇಡಂ."

"ಕಾಲೇಜಲ್ಲಿ?"

"ಅಲ್ಲೂ ಇಲ್ಲ. ಮನೆಗೆ ಬಂದ್ಮೇಲೆ ಊಟದಲ್ಲಿ ಸಾರು ಇರ್ತದಲ್ಲ ಮೇಡಂ."

ಅವರು ನಗಲಿಲ್ಲ. "ಯಾರು ಕಲಿಸಿದ್ದು ನಿನಗಿದನ್ನ?"

ಪಕ್ಕದಲ್ಲಿದ್ದ ಅಮ್ಮ ನೆಲ ನೋಡಿದಳು.

ಅಮ್ಮನೊಬ್ಬಳೇ ಕಲಿಸಿದ್ದಲ್ಲ ಇದು. ನಮ್ಮ ಕಡೆ ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ನೀರು ಮುಟ್ಟುವುದಿಲ್ಲ. ಬಯಲು ತೋಟ. ಮರೆಗೆ ಒಂದು ಬೇಲಿಯೂ ಇರುವುದಿಲ್ಲ. ಸುತ್ತ ಗಂಡಾಳು. ಸಾಲಿನಿಂದ ಎರಡು ಸಲ ಎದ್ದವಳಿಗೆ ಮಾವನ ಬಾಯಿ ಕಾದಿರುತ್ತಿತ್ತು: "ಏನಮ್ಮೋ, ನಲ್ಲಿ ಕೆಟ್ಟೋಗದಾ? ರಿಪೇರಿ ಮಾಡಿಸ್ಕೊಂಡು ಬಾ ಓಗು." ಸಾಲಿಗೆ ಸಾಲೇ ನಗುತ್ತಿತ್ತು. ಬೆಳಗಿನಿಂದ ಊಟದ ಹೊತ್ತಿನವರೆಗೂ ಏಳದೆ ಕಾಯಿ ಕೀಳುವವಳಿಗೆ ಗಟ್ಟಿ ಹೆಂಗಸು ಅಂತ ಹೆಸರು. ಅಮ್ಮ ಆ ಹೆಸರು ತೆಗೆದುಕೊಂಡವಳು.

ನನ್ನ ಕಾಲೇಜಿನಲ್ಲಿ ಬಯಲು ಇರಲಿಲ್ಲ, ಟಾಯ್ಲೆಟ್ ಇತ್ತು. ಹುಡುಗರು ಬೈಕ್ ನಿಲ್ಲಿಸಿ ಹರಟೆ ಹೊಡೆಯುವ ಜಾಗ ದಾಟಿ ಹೋಗಬೇಕಿತ್ತು, ಅಷ್ಟೇ. ಯಾರೂ ಏನೂ ಅಂದಿರಲಿಲ್ಲ. ಆದರೂ ಮೊದಲ ವಾರವೇ ಕಾಲು ಆ ಕಡೆ ಹೋಗಲು ಒಪ್ಪಲಿಲ್ಲ. ಬಾಟಲ್ ತುಂಬಿಕೊಂಡು ಹೋಗುತ್ತಿದ್ದೆ, ತುಂಬಿದ್ದನ್ನೇ ವಾಪಸ್ ತರುತ್ತಿದ್ದೆ. ಅಮ್ಮ ಅದನ್ನು ಇಸಿದುಕೊಂಡು ಬಾಗಿಲ ಮುಂದಿನ ಕನಕಾಂಬರದ ಗಿಡಕ್ಕೆ ಸುರಿಯುತ್ತಿದ್ದಳು. "ನನ್ ಮಗ್ಳು ಗಟ್ಟಿ ಕಣೇ" ಅಂತ ಪಕ್ಕದ ಮನೆಯವಳಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ಹೊಗಳಿಕೆ ಸಿಹಿಯಾಗಿಯೇ ಇತ್ತು. ಗಿಡವೂ ಚೆನ್ನಾಗಿ ಹೂ ಬಿಡುತ್ತಿತ್ತು.

ಮರುದಿನ ಸ್ಕ್ಯಾನಿಂಗ್ ಆಯಿತು.

"ಎಡಗಡೆ ಕಿಡ್ನಿ ಚಿಕ್ಕದಾಗಿದೆ," ಅಂದರು ಮೇಡಂ. "ಸೋಂಕು ಮತ್ತೆ ಮತ್ತೆ ಬಂದು ಗಾಯ ಆಗಿ ಒಣಗಿದೆ. ಬರೀ ನೀರು ಕುಡಿಯದ್ದಕ್ಕೇ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ನೀನು ಕುಡಿಯದೆ, ಬಂದಿದ್ದನ್ನ ತಡ್ಕೊಂಡು ಅದಕ್ಕೆ ಜಾಗ ಮಾಡಿಕೊಟ್ಟೆ. ಒಣಗಿದ್ದು ವಾಪಸ್ ಬರಲ್ಲ. ಬಲಗಡೇದು ಚೆನ್ನಾಗಿದೆ. ಅದನ್ನಾದ್ರೂ ಉಳಿಸ್ಕೋ."

ಅದನ್ನಾದರೂ.

ಔಷಧಿ ಸುಲಭ, ನುಂಗಿದರೆ ಆಯಿತು. ನೀರು ಕಷ್ಟವಾಯಿತು. ನನಗೆ ಬಾಯಾರಿಕೆ ಅನ್ನುವುದೇ ಸತ್ತುಹೋಗಿತ್ತು. ಲೋಟ ಎತ್ತಿದರೆ ಒಂದು ಗುಟುಕಿಗೇ ಕೆಳಗಿಡುತ್ತಿದ್ದೆ. ವಾರ್ಡಿನ ಬಾತ್‌ರೂಮ್ ಹತ್ತೇ ಹೆಜ್ಜೆ ದೂರ, ಒಳಗಿನಿಂದ ಚಿಲಕವೂ ಇತ್ತು. ಹೋಗಿ ಕೂತರೆ ಬರುತ್ತಿರಲಿಲ್ಲ. ಹೊರಗೆ ಯಾರದೋ ಚಪ್ಪಲಿ ಸದ್ದಾದರೆ ಹೊಟ್ಟೆಯ ಕೆಳಗಿನದೆಲ್ಲ ಕಲ್ಲಿನ ಹಾಗೆ ಬಿಗಿದುಕೊಳ್ಳುತ್ತಿತ್ತು. ಪರೀಕ್ಷೆಗೆ ಎಷ್ಟು ಓದಿದ್ದರೂ, ನಾಚಿಕೆ ನನ್ನ ಮೈಗೆ ಕಲಿಸಿದ್ದ ಪಾಠವನ್ನು ನನ್ನ ತಲೆ ಅಳಿಸಲಾರದೆ ಹೋಯಿತು.

ಆಂಡರ್ಸನ್‌ಪೇಟೆಯಿಂದ ಡ್ಯೂಟಿಗೆ ಬರುವ ಸಿಸ್ಟರ್ ಒಬ್ಬರು ನನ್ನ ಕಷ್ಟ ಕಂಡುಹಿಡಿದರು. ಬಾಗಿಲಾಚೆಯಿಂದ ಕೂಗಿದರು: "ಏನ್‌ಮ್ಮಾ, ಆಚ್ಚಾ? ಆಯ್ತಾ? ಬರ್ತಾ ಇಲ್ವಾ? ಒಳಗೆ ನಲ್ಲಿ ತಿರುಗಿಸು. ನೀರು ಜೋರಾಗಿ ಬಿದ್ರೆ ಯಾರ್‌ಗೂ ಏನೂ ಕೇಳ್ಸಲ್ಲ. ನಾನು ಇಲ್ಲೇ ನಿಂತಿದೀನಿ, ಯಾರು ಬರ್ತಾರೆ ನೋಡೋಣ!"

ನಲ್ಲಿ ತಿರುಗಿಸಿದೆ. ಬಕೆಟ್ಟಿಗೆ ನೀರು ಬಿದ್ದ ಸದ್ದಿನಲ್ಲಿ ಮೈ ಸಡಿಲವಾಯಿತು. ಅಲ್ಲೇ ಕೂತು ಅತ್ತೆ.

ಆ ವಾರ್ಡಿನಲ್ಲೇ ಅಮ್ಮನ ಕಾಲು ನೋಡಿದ್ದು. ಮಂಚದ ಕೆಳಗೆ ಕಾಲು ಚಾಚಿ ಮಲಗಿದ್ದಳು. ಚಪ್ಪಲಿ ಬಿಟ್ಟು ಎಷ್ಟೋ ಹೊತ್ತಾಗಿದ್ದರೂ ಅದರ ಪಟ್ಟಿಯ ಗುರುತು ಚರ್ಮದಲ್ಲಿ ಹಾಗೇ ಇಳಿದಿತ್ತು. ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಮುಚ್ಚಲಿಲ್ಲ.

"ಅಮ್ಮ, ನೀನೂ ತೋರಿಸ್ಕೋ."

"ನಂಗೇನಾಗದೆ? ದಿನಾ ನಿಂತು ಕೆಲ್ಸ ಮಾಡೋರ ಕಾಲು ಇಂಗೇ ಇರದು."

ಮನೆಗೆ ಬಂದ ಮೇಲೂ ಬಿಡಲಿಲ್ಲ ನಾನು. ಜಗಳ ಆಡಿದೆ. ಬೆಳಿಗ್ಗೆ ಅವಳ ಮುಖ ಊದಿರುವುದು ಕಾಣುತ್ತಿತ್ತು. ಅವಳು ನಿದ್ದೆ ಜಾಸ್ತಿಯಾಯಿತು ಅನ್ನುತ್ತಿದ್ದಳು. ಕೊನೆಗೊಂದು ದಿನ ರೇಗಿದಳು: "ಮೊದ್ಲು ಡಿಗ್ರಿ ಮುಗ್ಸು, ಆಮೇಲೆ ನಂಗೆ ಬುದ್ಧಿ ಏಳು. ಅವತ್ತು ಬತ್ತೀನಿ, ಎಲ್ಲಿಗೆ ಬೇಕಾದ್ರೂ." ತಪ್ಪಿಸಿಕೊಳ್ಳಲು ಹೇಳಿದ ಮಾತದು. ಅಣ್ಣನ ಹಾಗೆ ಅವಳಿಗೂ ನಾನು ಮುಗಿಸುತ್ತೇನೆಂಬ ನಂಬಿಕೆ ಇರಲಿಲ್ಲವೋ ಏನೋ.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕಾಲೇಜಿಗೆ ಮತ್ತೆ ಹೋದೆ. ಬೈಕುಗಳ ನಡುವೆ ತಲೆ ಎತ್ತಿ ನಡೆದು ಹೋಗಿ, ತಲೆ ಎತ್ತಿಯೇ ವಾಪಸ್ ಬಂದೆ. ಮೊದಮೊದಲು ಒಬ್ಬಳೇ ಹೋಗುತ್ತಿದ್ದೆ. ಆಮೇಲೆ ಬೇರೆ ಹುಡುಗಿಯರೂ ಜೊತೆಗೆ ಬರತೊಡಗಿದರು. ಓದುವಾಗೆಲ್ಲ ಅಮ್ಮನ ಕಾಲಿನ ಆ ಗುಳಿ ಕಣ್ಣ ಮುಂದೆ ಬರುತ್ತಿತ್ತು. ನಾನು ಫೇಲಾದರೆ ಅದು ಇನ್ನೊಂದು ವರ್ಷ ಆಳವಾಗುತ್ತದೆ.

ಸರ್ಟಿಫಿಕೇಟ್ ಕೈಗೆ ಬಂದ ದಿನ ಮನೆಗೆ ಹೋಗಲಿಲ್ಲ. ನೇರ ತೋಟಕ್ಕೆ ಹೋದೆ. ಬಾಟಲ್ ಅರ್ಧ ಖಾಲಿಯಾಗಿತ್ತು. ತೋಟದ ಮೂಲೆಯಲ್ಲಿ ನಾಲ್ಕು ಕಡ್ಡಿ ನೆಟ್ಟು, ಹೆಂಗಸರಿಗೆ ಮರೆ ಆಗಲೆಂದು ಸುತ್ತ ಹಳೇ ಸೀರೆ ಕಟ್ಟಿದ್ದರು. ಯಾರು ಕಟ್ಟಿದ್ದು ಎಂದು ಯಾರೂ ಹೇಳಲಿಲ್ಲ. ಮಾವನ ಮನೆಯಲ್ಲಿ ಅತ್ತೆ ಉಡುತ್ತಿದ್ದ ಸೀರೆ ಅದು.

"ಏನಮ್ಮೀ, ಕುಕ್ಕೆ ಬೇಕಾ?" ಅಂದರು ಮಾವ. ನಾನು ಸರ್ಟಿಫಿಕೇಟ್ ಚಾಚಿದೆ. ಅವರು ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡರು. "ತಡಿ ತಡಿ, ಕೈಯೆಲ್ಲಾ ಗಿಡಕ್ಕೊಡಿಯೋ ಔಸ್ದಿ. ನಿಮ್ಮಮ್ಮಂಗೆ ಕೊಡು."

ಅಮ್ಮ ಬದುವಿನ ಮೇಲೆ ಕೂತಳು. ಕೂರುವುದಕ್ಕೂ ಏದುಸಿರು ಬಂತು. ಸೆರಗಿಗೆ ಕೈ ಒರೆಸಿಕೊಂಡು ಸರ್ಟಿಫಿಕೇಟ್ ಇಸಿದುಕೊಂಡಳು, ಅಂಚಿನಲ್ಲಿ ಮಾತ್ರ ಹಿಡಿದು. ಬಹಳ ಹೊತ್ತು ನೋಡಿದಳು. ಆಮೇಲೆ ಊದಿದ ಕಾಲನ್ನು ಚಪ್ಪಲಿಯಿಂದ ಬಿಡಿಸಿಕೊಂಡು, ನನ್ನ ಬಾಟಲ್ ತೆಗೆದು, ಅಷ್ಟೂ ಜನರ ಎದುರಿಗೆ ಒಂದು ಗುಟುಕು ಕುಡಿದಳು.

"ಅದೇ, ಆಸ್ಪತ್ರೇಲಿ ಸಣ್ ಡಬ್ಬಿ ಕೊಡ್ತಾರಲ್ಲ ಇಡ್ಕೊಂಡು ಬಾ ಅಂತ," ಅಂದಳು. "ನಾಳೆ ನಂಗೂ ಒಂದು ಇಸ್ಕೊಡು."