ದಂಡು ಸ್ಟೇಷನ್ನಿನಲ್ಲಿ ದಾಸವಾಳದ ಪಾನಕ

ದಂಡು ರೈಲು ಸ್ಟೇಷನ್ನಿನ ಗೇಟಿನಲ್ಲಿ ಪೊಲೀಸಿನವನು ನನ್ನ ಗಡಿಗೆಯ ಬಟ್ಟೆ ಬಿಚ್ಚಿದ. ಒಳಗಿದ್ದದ್ದು ಮಗಳ ಹೊಸ ಮನೆ ಒಕ್ಕಲಿಗೆ ಒಯ್ಯುತ್ತಿದ್ದ ದಾಸವಾಳದ ಪಾನಕ. ನೆಂಟರಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಅದೊಂದೇ. ರೈಲಿನ ಕುಲುಕಾಟಕ್ಕೆ ನೊರೆ ಎದ್ದಿತ್ತು.

“ಹೆಂಡ ಸಾಗಿಸ್ತಿದ್ದೀಯಾ ಮುದುಕಿ? ಚೆಲ್ಲು!”

“ಚೆಲ್ಲಲ್ಲ. ಮಾಡಿ ತೋರಿಸ್ತೀನಿ, ನೋಡು.”

ನನ್ನ ಬಟ್ಟೆಗಂಟಿನಲ್ಲಿ ಉಳಿದಿದ್ದ ದಾಸವಾಳದ ಹೂವು, ತುಳಸಿ, ಬೆಲ್ಲವನ್ನು ಅಲ್ಲೇ ಲೋಟದ ನೀರಿನಲ್ಲಿ ಕಿವುಚಿದೆ. ನಿಂಬೆ ಹಿಂಡಿದೊಡನೆ ಮಂಕು ನೀರು ಕೆಂಪೇರಿತು. ಲೋಟದ ಬಾಯಿಗೆ ಅಂಗೈ ಮುಚ್ಚಿ ಅಲ್ಲಾಡಿಸಿದೆ. ಅದೇ ನೊರೆ ಬಂತು.

“ಕುಡಿ.”

“ಡ್ಯೂಟೀಲಿ ಕುಡಿಯಂಗಿಲ್ಲ.”

“ಪಾನಕಕ್ಕೂ ಭಯಾನಾ?”

ಸುತ್ತಲಿನ ಜನ ನಕ್ಕರು. ಅವನು ಗಟಗಟ ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡ.

“ಗಡಿಗೇಲಿರೋದು ಒಂದ್ ಲೋಟ ಕೊಡಜ್ಜಿ.”

ನಾನು ಬಟ್ಟೆ ಬಿಗಿದು ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡೆ.

“ಚೆಲ್ಲು ಅಂದೋನಿಗೆ ಅಷ್ಟೇ. ದಾರಿ ಬಿಡು.”