ಆಷಾಢದಲ್ಲಿ ಅಗ್ರಿಮೆಂಟು

ನಮ್ಮ ಭಾವ ಸೇತುವೆ ಕಟ್ಟುವ ಇಂಜಿನಿಯರು. ಯಾವ ಕಂಬ ಎಷ್ಟು ಭಾರ ಹೊರುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಎಲ್ಲಾದರೂ ಸೈನ್ ಹಾಕಬೇಕಾಗಿ ಬಂದರೆ ಮೊದಲು ಗಂಟಲು ಸರಿಮಾಡಿಕೊಂಡು, ಕನ್ನಡಕ ಹಣೆಗೇರಿಸಿ, ಫೋನಿನಲ್ಲಿ ಪಂಚಾಂಗ ತೆರೆಯುತ್ತಾರೆ. ಇದನ್ನು ನಾನು ಎಷ್ಟು ಸಲ ಮಾಡಿ ತೋರಿಸಿದ್ದೇನೆಂದರೆ, ಅಕ್ಕನಿಗೆ ಅಸಲಿ ಗಂಡನಿಗಿಂತ ನನ್ನ ನಕಲೇ ಹೆಚ್ಚು ಇಷ್ಟ.

ಆಗ ನಾವು ಮೂವರೂ ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ ಎರಡು ರೂಮಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಅಡುಗೆಮನೆ ಕಿಟಕಿಯಿಂದ ಕತ್ತು ಚಾಚಿದರೆ ಸಮುದ್ರ, ಚಾಚದಿದ್ದರೆ ಎದುರುಮನೆಯವರ ಒಗೆದ ಬಟ್ಟೆ. ಅಕ್ಕನಿಗೆ ಏಳು ತಿಂಗಳು. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಹೊರಡುವ ತಯಾರಿಯಲ್ಲಿದ್ದರು. ಆ ಹೊತ್ತಿಗೇ ಮನೆಯ ಏಜೆಂಟನಿಂದ ಈಮೇಲು ಬಂತು: ಓನರು ಇನ್ನೊಂದು ವರ್ಷಕ್ಕೆ ಲೀಸು ಮುಂದುವರಿಸಲು ಒಪ್ಪಿದ್ದಾರೆ, ಎರಡು ವಾರದಲ್ಲಿ ಸೈನ್ ಮಾಡಿ ಕಳಿಸಿ.

ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು. ಭಾವ ಗಂಟಲು ಸರಿಮಾಡಿಕೊಂಡರು.

"ಆಷಾಢ ಕಣೇ."

"ಹೂಂ, ಏನೀಗ?"

"ಅತ್ತೆ ಹೇಳಿರ್ಲಿಲ್ವಾ, ಆಷಾಢದಲ್ಲಿ ಮನೆ ವಿಷ್ಯ ಏನೂ ಇಟ್ಕೋಬೇಡಿ ಅಂತ? ಶ್ರಾವಣ ಬರ್ಲಿ, ಮೊದಲನೇ ದಿನಾನೇ ಹಾಕ್ಬಿಡ್ತೀನಿ."

"ಅಷ್ಟರಲ್ಲಿ ಅವನು ಬೇರೆಯವ್ರಿಗೆ ಕೊಟ್ರೆ? ಅಮ್ಮ ಬಂದಾಗ ಎಲ್ಲಿರ್ತೀವಿ, ಬೀಚಲ್ಲಾ?"

"ಬೇಡ ಅಂತ ಎಲ್ಲಿ ಹೇಳಿದೀವಿ? ಸುಮ್ನಿದೀವಿ ಅಷ್ಟೇ. ಸುಮ್ನಿದ್ರೆ ಒಪ್ಪಿಗೆ ಅಂತಲೇ ಅರ್ಥ."

ನನಗೂ ಅದು ಸರಿಯೆನಿಸಿತು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಮೌನವನ್ನು ನಮ್ಮ ಮನೆಯವರು ಓದುವುದೇ ಹಾಗೆ. ಈ ಊರಿನಲ್ಲಿ ಅದನ್ನು ಉಲ್ಟಾ ಓದುತ್ತಾರೆಂದು ನಮಗಾರಿಗೂ ಹೊಳೆಯಲಿಲ್ಲ.

ಎರಡು ವಾರ ಕಳೆದ ಮೇಲೆ ಏಜೆಂಟನ ಮೆಸೇಜು ಬಂತು: ಶನಿವಾರ ಬೆಳಿಗ್ಗೆ ಮನೆ ನೋಡಲು ಬರುತ್ತೇವೆ. ಮೂರು ತಿಂಗಳಿಗೊಮ್ಮೆ ಗೋಡೆಯ ಮೊಳೆ ಎಣಿಸಲು ಅವನು ಬರುವುದಿತ್ತು. ಇದೂ ಅದೇ ಎಂದುಕೊಂಡೆವು. ಗುರುವಾರದಿಂದಲೇ ಒಗ್ಗರಣೆ ಬಂದ್. ಒಲೆ ಉಜ್ಜಿದ್ದು ಭಾವ, ಬಾತ್‌ರೂಮು ಉಜ್ಜಿದ್ದು ನಾನು. ಅಕ್ಕ ಕುರ್ಚಿಯಲ್ಲಿ ಕೂತು, ಉಜ್ಜದೆ ಉಳಿದ ಜಾಗಗಳನ್ನು ಕಾಲಿನ ಹೆಬ್ಬೆರಳಿನಿಂದ ತೋರಿಸಿದಳು. ನಾನು ಹೂವನ್ನೂ ತಂದಿಟ್ಟೆ. ಆ ಮನೆ ಅಷ್ಟು ಚೆಂದ ಯಾವತ್ತೂ ಕಂಡಿರಲಿಲ್ಲ.

ಶನಿವಾರ ಬಾಗಿಲು ತೆಗೆದರೆ ಏಜೆಂಟನ ಹಿಂದೆ ಮೆಟ್ಟಿಲುದ್ದಕ್ಕೂ ಜನ. ನೇರ ಒಳಗೆ ಬಂದರು. ಒಬ್ಬಾಕೆ ನಮ್ಮ ಫ್ರಿಜ್ಜನ್ನು ಸವರಿದಳು. ಒಂದು ಜೋಡಿ ದೇವರ ಗೂಡಿನ ಪಕ್ಕ ಟೇಪು ಹಿಡಿದು, ಅಲ್ಲಿ ತಮ್ಮ ಟೀವಿ ಕೂರುತ್ತದೆಯೇ ಎಂದು ಅಳೆಯಿತು. ನಾವು ಉಜ್ಜಿ ಹೊಳಪಿಸಿದ್ದು ನಮ್ಮ ಜಾಗಕ್ಕೆ ಬರುವವರಿಗಾಗಿ!

ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಆ ಟೇಪನ್ನೇ ನೋಡುತ್ತಿದ್ದಳು. ಅವಳ ಆ ಮುಖವನ್ನು ಮಾತ್ರ ನಾನು ಇವತ್ತಿನವರೆಗೂ ಅಣಕಿಸಿಲ್ಲ.

ಏನಾದರೂ ಮಾಡಬೇಕಿತ್ತು. ನನಗೆ ಬರುವುದು ಒಂದೇ ವಿದ್ಯೆ. ಟೇಪಿನ ಜೋಡಿಯ ಬಳಿ ಹೋಗಿ, ಏಜೆಂಟನ ಹಾಗೇ ಮೂಗಿನಿಂದ ರಾಗ ಎಳೆದು ಶುರುಮಾಡಿದೆ: "ಲವ್ಲಿ ಪ್ಲೇಸ್, ಮೇಟ್. ಈ ಗೋಡೆ ಸ್ವಲ್ಪ ಒದ್ದೆಯಾಗುತ್ತೆ, ನೋ ವರೀಸ್. ಮಧ್ಯಾಹ್ನ ಬಿಸಿನೀರು ಬರಲ್ಲ, ನೋ ವರೀಸ್ ಅಟ್ ಆಲ್..."

ಜೋಡಿ ನನ್ನ ಭುಜದಾಚೆ ನೋಡುತ್ತಿತ್ತು. ತಿರುಗಿದರೆ ಅಸಲಿ ನಿಂತಿದ್ದ.

ಅವನು ನನ್ನನ್ನು ಬಿಟ್ಟು ಭಾವನಿಗೆ ಹೇಳಿದ, "ನೀವು ಉತ್ತರವನ್ನೇ ಕೊಡಲಿಲ್ಲ. ಬಿಡ್ತೀರಿ ಅಂದುಕೊಂಡೆ."

ಸೇತುವೆ ಕಟ್ಟುವ ಭಾವ ಇಂಗ್ಲಿಷಿನಲ್ಲಿ ಆಷಾಢವನ್ನು ಕಟ್ಟಲು ಹೊರಟು ಅರ್ಧಕ್ಕೇ ಕುಸಿದರು. ಅಕ್ಕ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದಳು. ಅಲ್ಲಿನ್ನೂ ಬೆಳಗಿನ ಆರು ಗಂಟೆ, ಅಮ್ಮನ ಕೈಯಲ್ಲಿ ಕಾಫಿ ಲೋಟ. ಅಳಿಯನನ್ನು ಬೈಯುವಂತಿಲ್ಲ, ಹಾಗಾಗಿ ಅವರಿಗೆ ಸಲ್ಲಬೇಕಾದ್ದು ಯಾವಾಗಲೂ ನನ್ನ ತಲೆ ಮೇಲೆ ಬೀಳುತ್ತದೆ.

"ಲೋ! ಆಷಾಢದಲ್ಲಿ ಹೊಸ ಮನೆಗೆ ಹೋಗ್ಬಾರ್ದು ಅಂದೆ. ಇರೋ ಮನೇಲಿ ಇರ್ಬೇಡಿ ಅಂದ್ನಾ? ಈಗ ಸೈನ್ ಹಾಕ್ಲಿಲ್ಲ ಅಂದ್ರೆ ಆಷಾಢದಲ್ಲೇ ಬೇರೆ ಮನೆ ಹುಡುಕ್ಬೇಕಾಗತ್ತಲ್ಲೋ, ನಿನ್ ತಲೇಲಿ ಏನಿದೆ!"

"ಅಮ್ಮ, ನಾನಲ್ಲ, ಭಾವ..."

"ಅವ್ರಿಗೇನೂ ಅನ್ಬೇಡ ನೀನು."

ಭಾವ ಕನ್ನಡಕ ಒರೆಸುತ್ತ ನಿಂತರು. ಏಜೆಂಟನಿಗೆ ಕುತೂಹಲ: ಏನಂದ್ರು? ನಾನು ಬೆರಳೆತ್ತಿ, ಹುಬ್ಬು ಗಂಟಿಕ್ಕಿ, ಅಮ್ಮನನ್ನೇ ಇಂಗ್ಲಿಷಿಗೆ ಇಳಿಸಿದೆ. ಅವನು ನಗಲಿಲ್ಲ. ಅಕ್ಕನ ಹೊಟ್ಟೆ ನೋಡಿದ, ಫೋನಿನಲ್ಲಿದ್ದ ಅಮ್ಮನನ್ನು ನೋಡಿದ. "ಯಾವಾಗ ಬರ್ತಾರೆ ಇವರು?" ಎಂದು ಕೇಳಿಕೊಂಡು, ಓನರಿಗೆ ಫೋನ್ ಮಾಡಲು ಮೆಟ್ಟಿಲಿಳಿದು ಹೋದ.

ಅವನು ವಾಪಸು ಬರುವ ತನಕ ನಾನು ಯಾರ ಧ್ವನಿಯನ್ನೂ ತೆಗೆಯಲಿಲ್ಲ. ಅಕ್ಕ ನನ್ನ ತೋಳು ಹಿಡಿದಿದ್ದಳು. ಉಗುರಿನ ಗುರುತು ಮಧ್ಯಾಹ್ನದವರೆಗೂ ಇತ್ತು.

"ಓನರು ಸರಿ ಅಂದ್ರು. ಆದ್ರೆ ಈಗಲೇ ಸೈನ್ ಆಗಬೇಕು," ಎಂದು ಅವನು ಟ್ಯಾಬ್ಲೆಟ್ ಚಾಚಿದ.

ಭಾವ ಗಡಿಯಾರ ನೋಡಿದರು. ಶನಿವಾರ, ಬೆಳಿಗ್ಗೆ ಹತ್ತು. ಶುದ್ಧ ರಾಹುಕಾಲ. ಅವರ ಬಾಯಿ ತೆರೆಯಿತು.

"ರೀ," ಎಂದಳು ಅಕ್ಕ. ಅಷ್ಟೇ.

"ಇಲ್ಲ ಇಲ್ಲ, ಮೈಸೂರಲ್ಲಿನ್ನೂ ಆರು ಗಂಟೆ. ಅಲ್ಲಿ ರಾಹುಕಾಲ ಶುರುವೇ ಆಗಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಭಾವ ಬೆರಳಿನಿಂದ ಸೈನ್ ಎಳೆದರು. ಆ ಸೈನು ಎರೆಹುಳದ ಹಾಗೆ ಬಂತು. ಟೇಪಿನ ಜೋಡಿ ನಮಗೆ ಕಂಗ್ರಾಟ್ಸ್ ಹೇಳಿ ಕೆಳಗಿಳಿಯಿತು. ಪಾಪ, ಅವರಿಗೂ ಮನೆ ಬೇಕಿತ್ತು.

ಎಲ್ಲರೂ ಹೋದಮೇಲೂ ಅಮ್ಮ ಕಾಲ್‌ನಲ್ಲೇ ಇದ್ದರು. "ಎಲ್ಲಾ ಸರಿ. ನಾನು ಮಲ್ಕೊಳ್ಳೋದೆಲ್ಲಿ?"

"ಅವನ ರೂಮಲ್ಲಿ," ಎಂದಳು ಅಕ್ಕ, ಉಸಿರೂ ತೆಗೆದುಕೊಳ್ಳದೆ.

ನನ್ನನ್ನು ಯಾರೂ ಕೇಳಲಿಲ್ಲ. ಅಮ್ಮ ಬರಲು ಇನ್ನೂ ಎಷ್ಟೋ ದಿನವಿತ್ತು. ಆದರೂ ಸಂಜೆಯೇ ನನ್ನ ಹಾಸಿಗೆ ಹಾಲಿಗೆ ಹೊರಟಿತು. ಭಾರದ ತುದಿಯನ್ನು ಭಾವ ಯಾರೂ ಹೇಳದೆ ತಾವೇ ಹಿಡಿದರು.